ವೇಲ್ಸ್ ಸೀಮೆಯ ಬರಿದಾದ ಪ್ರಾರ್ಥನಾಲಯಗಳು

ಓದತಕ್ಕ ಭಾಗ: ನ್ಯಾಯಸ್ಥಾಪಕರು 2ನೆಯ ಅಧ್ಯಾಯ, 6ರಿಂದ 13ನೆಯ ವಚನಗಳು.

ಮೇಲೆ ಸೂಚಿಸಿದ ಭಾಗವನ್ನು ಮೊದಲು ಮನೆಯವರೆಲ್ಲರೂ ಕೂಡಿ ಓದಿಕೊಳ್ಳಿರಿ. ಯೆಹೋಶುವನೂ ಅವನ ಕಾಲದ ಹಿರಿಯರೂ ತೀರಿಹೋದ ಮೇಲೆ ಬೆಳೆದು ಬಂದ ಒಂದು ತಲೆಮಾರಿನ ಸಂಗತಿಯು ಅದರಲ್ಲಿ ಬರೆದದೆ. ಶತ್ರುವೊಬ್ಬನು ಕತ್ತಿ ಹಿಡಿದು ಬಂದು ಆ ಜನರ ನಂಬಿಕೆಯನ್ನು ಕಸಿದುಕೊಂಡನೆಂದು ಅಲ್ಲಿ ಹೇಳಿಲ್ಲ. ತಂದೆಗಳಿಗೆ ತಿಳಿದಿದ್ದದ್ದು ಮಕ್ಕಳಿಗೆ ತಿಳಿಯದೆ ಹೋಯಿತು, ಅಷ್ಟೇ. ಅಂಥದೇ ಸಂಗತಿಯು ನಮ್ಮ ಕಾಲಕ್ಕೆ ಸಮೀಪದಲ್ಲಿ ನಡೆದ ಒಂದು ಸೀಮೆಯ ಚರಿತ್ರೆಯನ್ನು ಈ ಪಾಠದಲ್ಲಿ ವಿಚಾರಿಸೋಣ.

ವೇಲ್ಸ್ ಎಂಬುದು ಬ್ರಿಟನ್ ದ್ವೀಪದ ಪಶ್ಚಿಮ ಅಂಚಿನಲ್ಲಿ ಇಂಗ್ಲೆಂಡಿಗೂ ಸಮುದ್ರಕ್ಕೂ ನಡುವೆ ಇರುವ ಗುಡ್ಡಗಾಡು ಸೀಮೆ. ಅದರ ವಿಸ್ತಾರವು ಸುಮಾರು 8,000 ಚದರ ಮೈಲಿ; ಈಗಿನ ಜನಸಂಖ್ಯೆ ಸುಮಾರು 31 ಲಕ್ಷ. ಹಿಂದೆ ಅಲ್ಲಿಯವರು ಹೆಚ್ಚಾಗಿ ಕುರಿ ಸಾಕುವವರು, ಬೇಸಾಯಗಾರರು, ಉತ್ತರದಲ್ಲಿ ಮನೆಗಳಿಗೆ ಹೊದಿಸುವ ಸ್ಲೇಟುಕಲ್ಲು ಕಡಿಯುವವರು, ದಕ್ಷಿಣದಲ್ಲಿ ಕಲ್ಲಿದ್ದಲು ತೋಡುವವರು. ಇಂಗ್ಲಿಷ್ ಬಲ್ಲವನಿಗೆ ಒಂದು ಮಾತೂ ತಿಳಿಯದಷ್ಟು ಬೇರೆಯಾದ ವೆಲ್ಷ್ ಎಂಬ ಭಾಷೆ ಅವರದು. ನಮ್ಮ ದೇಶದ ಈಶಾನ್ಯ ದಿಕ್ಕಿನಲ್ಲಿರುವ ಖಾಸಿ ಗುಡ್ಡಗಳಲ್ಲಿ ಸುವಾರ್ತೆಯನ್ನು ನೆಲೆಗೊಳಿಸಿದವರೂ ಮಿಜೋ ಸಭೆಯನ್ನು ಬೆಳೆಯಿಸಿದವರೂ ಈ ಬಡ ಜನರೇ ಎಂಬುದನ್ನು ನೆನಪಿನಲ್ಲಿಡಿರಿ.

ಆ ಸೀಮೆಯ ಸಭೆಗಳ ಸ್ಥಿತಿಯನ್ನು ಸರಕಾರದ ಆಯೋಗವೊಂದು 1905ನೆಯ ಇಸವಿಯ ಲೆಕ್ಕದಂತೆ ವಿಚಾರಿಸಿತು. ಆಗ ಜನಸಂಖ್ಯೆಯು 20 ಲಕ್ಷಕ್ಕೆ ತುಸು ಮೇಲಿತ್ತು. ಅವರಲ್ಲಿ ಕರ್ತನ ಭೋಜನದಲ್ಲಿ ಪಾಲುಗಾರರಾದ ಪೂರ್ಣ ಸದಸ್ಯರು, ಸ್ವತಂತ್ರ ಸಭೆಗಳಲ್ಲಿ ಸುಮಾರು 5,50,000, ರಾಜ್ಯಾಂಗಕ್ಕೆ ಸೇರಿದ ಆಂಗ್ಲಿಕನ್ ಸಭೆಯಲ್ಲಿ ಸುಮಾರು 1,93,000. ಮಕ್ಕಳನ್ನೂ ಸದಸ್ಯರಾಗದೆ ಬಂದು ಕೇಳುವವರನ್ನೂ ಇದರಲ್ಲಿ ಸೇರಿಸಿಲ್ಲ. ಇನ್ನು 2021ರ ಜನಗಣತಿಯನ್ನು ನೋಡಿರಿ. ನಾವು ಕ್ರೈಸ್ತರೆಂದು ಬರೆಯಿಸಿದವರು ನೂರಕ್ಕೆ 43.6, ನಮಗೆ ಯಾವ ಮತವೂ ಇಲ್ಲವೆಂದು ಬರೆಯಿಸಿದವರು ನೂರಕ್ಕೆ 46.5. ಅದಕ್ಕೆ ಹತ್ತು ವರುಷಗಳ ಹಿಂದೆ, 2011ರಲ್ಲಿ, ಇವು 57.6 ಮತ್ತು 32.1 ಆಗಿದ್ದವು. ಇದಾದರೂ ಕಾಗದದ ಮೇಲೆ ಹೆಸರು ಹೇಳಿಕೊಂಡವರ ಲೆಕ್ಕವು. ಭಾನುವಾರ ಎದ್ದು ಆರಾಧನೆಗೆ ಹೋಗುವವರು ಅವರಲ್ಲಿ ಸ್ವಲ್ಪ ಮಂದಿ ಮಾತ್ರ. ಹಳ್ಳಿಹಳ್ಳಿಗೆ ಎರಡು ಮೂರರಂತೆ ಕಟ್ಟಿದ ಕಲ್ಲಿನ ಪ್ರಾರ್ಥನಾಲಯಗಳಲ್ಲಿ ಎಷ್ಟೋ ಈಗ ವಾಸದ ಮನೆಗಳಾಗಿವೆ, ಸರಕು ತುಂಬುವ ಕೋಠಿಗಳಾಗಿವೆ, ಇಲ್ಲವೆ ಬೀಗ ಹಾಕಲ್ಪಟ್ಟು ಮಳೆಗೆ ಸೋರುತ್ತಾ ನಿಂತಿವೆ.

ಇದು ಹೇಗಾಯಿತು? ತಿಳಿಯಬೇಕಾದರೆ ಆ ನಂಬಿಕೆಯು ಮೊದಲು ಹೇಗೆ ಬೆಳೆಯಿತೆಂದು ನೋಡಬೇಕು. ಬಿದ್ದ ಮರವನ್ನು ಪರೀಕ್ಷಿಸುವವನು ಬೇರನ್ನು ನೋಡದೆ ಕೊಂಬೆಗಳನ್ನು ಎಣಿಸುವದರಿಂದ ಪ್ರಯೋಜನವೇನು?

ವಿಲಿಯಂ ಮಾರ್ಗನ್ ಎಂಬ ಬೋಧಕರು ಸತ್ಯವೇದವನ್ನು ಸಂಪೂರ್ಣವಾಗಿ ವೆಲ್ಷ್ ಭಾಷೆಗೆ ತಂದದ್ದು 1588ರಲ್ಲಿ. ಆ ದೊಡ್ಡ ಗ್ರಂಥವು ದೇವಾಲಯದ ಮೇಜಿನ ಮೇಲೆ ಇಡತಕ್ಕದ್ದಾಗಿತ್ತು. ಮನೆಯಲ್ಲಿ ಇಟ್ಟುಕೊಳ್ಳತಕ್ಕ ಚಿಕ್ಕ ಪುಸ್ತಕವು 1630ರಲ್ಲಿ ಐದು ಶಿಲ್ಲಿಂಗುಗಳ ಬೆಲೆಗೆ ಹೊರಟಿತು. ಆದರೆ ಓದಬಲ್ಲವರು ಎಲ್ಲಿ? ನೂರು ವರುಷಗಳ ಮೇಲೆ, ಗ್ರಿಫಿತ್ ಜೋನ್ಸ್ ಎಂಬ ಹಳ್ಳಿಯ ಬೋಧಕರು ತಮ್ಮ ಜನರಲ್ಲಿ ಅನೇಕರಿಗೆ ಓದಲು ಬಾರದಿರುವದನ್ನು ಕಂಡು, ಸಂಚಾರದ ಶಾಲೆಗಳನ್ನು ಏರ್ಪಡಿಸಿದರು. ಹೊಲದ ಕೆಲಸ ಕಡಿಮೆಯಾಗುವ ಚಳಿಗಾಲದಲ್ಲಿ ಶಾಲೆಯು ಒಂದು ಊರಲ್ಲಿ ಮೂರು ತಿಂಗಳು ಇರುವದು. ಆಮೇಲೆ ಉಪಾಧ್ಯಾಯನು ಮುಂದಿನ ಊರಿಗೆ ಹೋಗುವನು. ಕಲಿಸಿದ್ದು ಬಹಳವಲ್ಲ: ಮಾತೃಭಾಷೆಯಲ್ಲಿ ಸತ್ಯವೇದವನ್ನು ಓದುವದು, ಪ್ರಶ್ನೋತ್ತರವನ್ನು ಬಾಯಿಪಾಠ ಮಾಡುವದು. ಹಗಲು ದುಡಿಯುವವರಿಗೆ ರಾತ್ರಿಯಲ್ಲಿ ಪಾಠವಿತ್ತು. 1761ರಲ್ಲಿ ಅವರು ತೀರಿಕೊಳ್ಳುವಷ್ಟರೊಳಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಈ ಶಾಲೆಗಳಲ್ಲಿ ಕಲಿತಿದ್ದರು.

ಹೀಗೆ ನೆಲವು ಹದವಾಗಿರುವಾಗಲೇ ಹೋವೆಲ್ ಹ್ಯಾರಿಸ್, ಡ್ಯಾನಿಯಲ್ ರೋಲೆಂಡ್ ಎಂಬವರ ಪ್ರಸಂಗಗಳಿಂದ 1735ರಿಂದೀಚೆಗೆ ಉಜ್ಜೀವನವು ಹುಟ್ಟಿತು. ಪಾಂಟಿಕೆಲಿನಿನ ವಿಲಿಯಂ ವಿಲಿಯಮ್ಸರು ಅದಕ್ಕೆ ಗೀತೆಗಳನ್ನು ಕೊಟ್ಟರು. ಪ್ರಸಂಗಿಸುವವರು ಎಷ್ಟು ಪ್ರಸಿದ್ಧರಾಗಿದ್ದರೂ, ಸಭೆಯನ್ನು ಕಟ್ಟಿದ್ದು ಅದಕ್ಕಿಂತ ಸಣ್ಣದಾದ ಮೂರು ಅಭ್ಯಾಸಗಳೆಂದು ನಾನು ನೆನಸುತ್ತೇನೆ. ಮೊದಲನೆಯದು ಭಾನುವಾರದ ಶಾಲೆ. ಬಾಲಾ ಎಂಬ ಊರಿನ ಥಾಮಸ್ ಚಾರ್ಲ್ಸರು ಬೆಳೆಯಿಸಿದ ಈ ಶಾಲೆಯು ಮಕ್ಕಳಿಗೆ ಮಾತ್ರವೇ ಅಲ್ಲ. ಅಜ್ಜನೂ ಮೊಮ್ಮಗನೂ ಅದೇ ಕಟ್ಟಡದಲ್ಲಿ ಬೇರೆ ಬೇರೆ ವರ್ಗಗಳಾಗಿ ಕೂತು ಒಂದೊಂದು ವಚನವನ್ನು ಹಿಡಿದು ಪ್ರಶ್ನೆ ಕೇಳುವರು. ಕಲಿಸುವವನು ಚಮ್ಮಾರನಾಗಿರಬಹುದು, ಗಣಿಯ ಕೂಲಿಯಾಗಿರಬಹುದು. ಎರಡನೆಯದು ವಾರದ ನಡುವೆ ಕೂಡುವ ಸೇಯಟ್ ಎಂಬ ಅನ್ಯೋನ್ಯ ಕೂಟ. ಅಲ್ಲಿ ಪ್ರತಿಯೊಬ್ಬನು ತನ್ನ ಆತ್ಮದ ಸ್ಥಿತಿಯನ್ನು ಬಾಯಿ ಬಿಟ್ಟು ಹೇಳಬೇಕು, ಹಿರಿಯರು ವಿಚಾರಿಸುವರು. ಮೂರನೆಯದು ಮನೆಯ ಪ್ರಾರ್ಥನೆ. ಅದಕ್ಕೆ ಅವರ ಭಾಷೆಯಲ್ಲಿ ‘ಕರ್ತವ್ಯ’ ಎಂದೇ ಹೆಸರು. ಒಲೆಯ ಮುಂದೆ ತಂದೆಯು ಓದಿ ಪ್ರಾರ್ಥಿಸಿದರೆ ಕರ್ತವ್ಯ ನಡೆಯಿತು ಎನ್ನುವರು.

1800ರಲ್ಲಿ ಮೇರಿ ಜೋನ್ಸ್ ಎಂಬ ಹದಿನೈದು ವರುಷದ ನೇಕಾರನ ಮಗಳು ಸ್ವಂತಕ್ಕೆ ಒಂದು ಸತ್ಯವೇದವು ಬೇಕೆಂದು ಹಣ ಕೂಡಿಟ್ಟು, ಬಾಲಾಕ್ಕೆ ಸುಮಾರು 25 ಮೈಲಿ ಬರಿಗಾಲಲ್ಲಿ ನಡೆದು ಹೋದ ಕಥೆಯನ್ನು ನಿಮ್ಮ ಮಕ್ಕಳು ಕೇಳಿದ್ದಾರು. ಅವಳ ಬಯಕೆಯ ನೆನಪು 1804ರಲ್ಲಿ ಸತ್ಯವೇದ ಸಂಘವು ಲಂಡನಿನಲ್ಲಿ ಸ್ಥಾಪಿತವಾಗುವದಕ್ಕೆ ಒಂದು ಪ್ರೇರಣೆಯಾಯಿತೆಂದು ಹೇಳುವರು. ಆ ಹುಡುಗಿಯ ಹಿಂದೆ ಪ್ರಸಿದ್ಧವಾದ ಪ್ರಾರ್ಥನಾಲಯವೇನೂ ಇರಲಿಲ್ಲ. ಓದಲು ಕಲಿಸಿದ ಒಂದು ಶಾಲೆ ಇತ್ತು.

ಮುಂದಿನ ನೂರು ವರುಷಗಳಲ್ಲಿ ಎಲ್ಲವೂ ಬೆಳೆಯಿತು. ಕಲ್ಲಿದ್ದಲಿನ ಕಣಿವೆಗಳಿಗೆ ಜನರು ಗುಂಪುಗುಂಪಾಗಿ ಬಂದು, ಮನೆಗಳ ಸಾಲು ಎದ್ದಲ್ಲೆಲ್ಲಾ ಪ್ರಾರ್ಥನಾಲಯವೂ ಎದ್ದಿತು. ರೋಂಡಾ ಕಣಿವೆಗಳಲ್ಲಿಯೇ ಸುಮಾರು 150 ಇದ್ದವು. ಮೆಥೊಡಿಸ್ಟರದು ಒಂದು, ಸ್ವತಂತ್ರರದು ಒಂದು, ಬ್ಯಾಪ್ಟಿಸ್ಟರದು ಒಂದು. ಒಬ್ಬರು ದೊಡ್ಡದಾಗಿ ಕಟ್ಟಿದರೆ ಎದುರಿನವರು ಅದಕ್ಕಿಂತ ದೊಡ್ಡದನ್ನು ಕಟ್ಟುವರು. ಸಾಲವು ಮಕ್ಕಳ ತಲೆಯ ಮೇಲೆ. ಭಾನುವಾರ ಸೆರೆಯಂಗಡಿಗಳು ಮುಚ್ಚಿರಬೇಕೆಂದು 1881ರಲ್ಲಿ ವೇಲ್ಸಿಗೆಂದೇ ಒಂದು ಕಾಯಿದೆಯಾಯಿತು. ಹೊರಗಿನಿಂದ ನೋಡುವವನಿಗೆ ಅದು ಭೂಮಿಯ ಮೇಲಿನ ದೇವಜನರ ಸೀಮೆಯೇ.

ಆದರೆ ಒಳಗೆ ಏನಾಗುತ್ತಿತ್ತು? ಪ್ರಸಂಗವು ಕೇಳುವ ಸುಖವಾಯಿತು. ಯಾವ ಬೋಧಕನ ಧ್ವನಿ ಇಂಪು, ಯಾವನದು ಗಡಸು ಎಂದು ಮಾತಾಡುತ್ತಾ ಮನೆಗೆ ಹೋಗುವರು. ಹಾಡುವದು ಪಂದ್ಯವಾಯಿತು. ಸೇಯಟಿನಲ್ಲಿ ಪಾಪವನ್ನು ಅರಿಕೆಮಾಡುವದಕ್ಕೆ ಬದಲಾಗಿ ವಾಡಿಕೆಯ ನಾಲ್ಕು ಮಾತುಗಳನ್ನು ಹೇಳಿ ಕೂತುಕೊಳ್ಳುವರು. ತಪ್ಪಿ ಬಿದ್ದ ಬಡ ಹುಡುಗಿಯನ್ನಾದರೋ ಎಲ್ಲರ ಮುಂದೆ ಸಭೆಯಿಂದ ಹೊರಗೆ ಹಾಕುವರು. ಪ್ರಸಂಗಪೀಠದ ಕೆಳಗಿನ ಹಿರಿಯರ ಆಸನದಲ್ಲಿ ಕೂತವರು ಎಷ್ಟೋ ಕಡೆಗಳಲ್ಲಿ ಅಂಗಡಿಯ ಯಜಮಾನರು, ಗಣಿಯ ಮೇಲ್ವಿಚಾರಕರು. ಸಭೆಯನ್ನು ತುಂಬಿದ್ದು ಹೆಚ್ಚಾಗಿ ಹೆಂಗಸರು. ಅವರಿಗೆ ಆ ಆಸನದಲ್ಲಿ ಬಹುಕಾಲ ಸ್ಥಳವಿರಲಿಲ್ಲ.

ಈ ಸ್ಥಿತಿಯಲ್ಲಿರುವಾಗ 1904ರ ದೊಡ್ಡ ಉಜ್ಜೀವನವು ಬಂತು. ಅದರ ಮೊದಲ ಕಿಡಿ ಸಮುದ್ರತೀರದ ನ್ಯೂ ಕೀ ಎಂಬ ಊರಲ್ಲಿ ಫ್ಲಾರಿ ಎವನ್ಸ್ ಎಂಬ ಹುಡುಗಿಯು ಎದ್ದು, ತಾನು ಕರ್ತನನ್ನು ಪೂರ್ಣ ಹೃದಯದಿಂದ ಪ್ರೀತಿಸುತ್ತೇನೆಂದು ಹೇಳಿದ ಮಾತು. ಅದೇ ವರುಷದ ಅಕ್ಟೋಬರ್ 31ರಂದು ಇವಾನ್ ರಾಬರ್ಟ್ಸ್ ಎಂಬ 26 ವರುಷದ ಯೌವನಸ್ಥನು, ಮೊದಲು ಗಣಿಯಲ್ಲಿ ದುಡಿದು ಕಮ್ಮಾರಿಕೆಯನ್ನೂ ಕಲಿತು ಬೋಧಕ ಕೆಲಸಕ್ಕೆ ಓದುತ್ತಿದ್ದವನು, ತನ್ನ ಊರಾದ ಲೌಖರಿನ ಮೊರೀಯ ಪ್ರಾರ್ಥನಾಲಯದಲ್ಲಿ ಯುವಕರ ಕೂಟವನ್ನು ನಡಿಸಿದನು. ಕೆಲವು ವಾರಗಳಲ್ಲಿ ಕಣಿವೆಗಳೆಲ್ಲಾ ಎಚ್ಚತ್ತವು. ಕೂಟಗಳು ನಡುರಾತ್ರಿಯನ್ನು ದಾಟುವವು. ಪ್ರಸಂಗಕ್ಕೆ ಎಡೆಯಿಲ್ಲದಷ್ಟು ಹಾಡು, ಪ್ರಾರ್ಥನೆ, ಕಣ್ಣೀರು. ನ್ಯಾಯಾಧಿಪತಿಗಳಿಗೆ ವಿಚಾರಿಸಲು ಅಪರಾಧಿಗಳಿಲ್ಲದೆ ಹೋಯಿತೆಂದೂ, ಗಣಿಯೊಳಗಿನ ಕುದುರೆಗಳು ಬೈಗಳಿಲ್ಲದ ಮಾತನ್ನು ತಿಳಿಯಲಾರದೆ ನಿಂತುಬಿಟ್ಟವೆಂದೂ ಆಗ ಹೇಳುತ್ತಿದ್ದರು. ಒಂದು ಲಕ್ಷ ಮಂದಿ ತಿರುಗಿಕೊಂಡರೆಂದು ಎಣಿಸಿದರು.

ಆ ಕಾರ್ಯವು ಸುಳ್ಳಾಗಿತ್ತೆಂದು ನಾನು ಹೇಳುವದಿಲ್ಲ. ಹಾಗೆ ಹೇಳಿದ ಬೋಧಕರು ಆಗಲೂ ಇದ್ದರು. ಡೌಲೈಸ್ ಊರಿನ ಪೀಟರ್ ಪ್ರೈಸ್ ಎಂಬವರು 1905ರ ಜನವರಿಯಲ್ಲಿ ವೃತ್ತಪತ್ರಿಕೆಗೆ ಬರೆದು ದೊಡ್ಡ ಗದ್ದಲವನ್ನೆಬ್ಬಿಸಿದರು. ಸಾಲ ತೀರಿಸಿದವರು, ಕುಡಿಯುವದನ್ನು ಸಾಯುವ ತನಕ ಮುಟ್ಟದವರು, ದೂರ ದೇಶಗಳಿಗೆ ಸುವಾರ್ತೆಗಾಗಿ ಹೊರಟವರು ಎಷ್ಟೋ ಮಂದಿ. ಆದರೆ ಇನ್ನು ಹತ್ತು ವರುಷಗಳೊಳಗೆ ಹೊಸದಾಗಿ ಸೇರಿದವರಲ್ಲಿ ಬಹುಮಂದಿ ಕಾಣದೆ ಹೋದರು. ಕೆಲವರು ಹೊಸ ಪೆಂತೆಕೊಸ್ತ್ ಕೂಟಗಳಿಗೆ ಹೋದರು. ಉಳಿದವರು ಎಲ್ಲಿಗೂ ಹೋಗಲಿಲ್ಲ, ಮನೆಯಲ್ಲಿಯೇ ಕೂತರು. ಬೆಂಕಿಯು ಬಿದ್ದದ್ದು ನಿಜ. ಅದನ್ನು ಒಲೆಗೆ ತಂದು ದಿನದಿನಕ್ಕೆ ಕಟ್ಟಿಗೆಯಿಟ್ಟು ಕಾಯತಕ್ಕವರು ಸಾಕಷ್ಟು ಇರಲಿಲ್ಲ. ಹೊಸದಾಗಿ ನಂಬಿದ ಗಣಿಗಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಚನದ ಮೇಲೆ ವಚನವಾಗಿ ಕಲಿಸುವ ಕೆಲಸವು ಕೂಟದ ಸಂಭ್ರಮದಲ್ಲಿ ಹಿಂದೆ ಬಿತ್ತು. ಇವಾನ್ ರಾಬರ್ಟ್ಸರ ದೇಹವೂ ಮನಸ್ಸೂ ಸೋತು, 1906ರಲ್ಲಿ ಇಂಗ್ಲೆಂಡಿನ ಒಂದು ಮನೆಗೆ ವಿಶ್ರಾಂತಿಗಾಗಿ ಹೋದರು. ಅಲ್ಲಿಂದ ಮುಂದೆ 1951ರಲ್ಲಿ ಕಾರ್ಡಿಫ್ ಪಟ್ಟಣದಲ್ಲಿ ಸಾಯುವ ತನಕ ಅವರು ಹೆಚ್ಚಾಗಿ ಮರೆಯಲ್ಲಿಯೇ ಇದ್ದರು. ತಮ್ಮ ಕಾಲದಲ್ಲಿ ತುಂಬಿದ ಪ್ರಾರ್ಥನಾಲಯಗಳು ಬರಿದಾಗುತ್ತಾ ಬಂದದ್ದನ್ನು ಅವರು ಬದುಕಿದ್ದೇ ನೋಡಿದರು.

ಈ ಮಧ್ಯೆ ಕೂಲಿಗಾರರ ಮನಸ್ಸು ಬೇರೆ ಕಡೆಗೆ ತಿರುಗುತ್ತಿತ್ತು. ಉತ್ತರದ ಪೆನ್ರಿನ್ ಸ್ಲೇಟುಗಣಿಯಲ್ಲಿ 1900ರಿಂದ 1903ರ ತನಕ ಮುಷ್ಕರ ನಡೆಯಿತು. ಈ ಮನೆಯಲ್ಲಿ ದ್ರೋಹಿ ಇಲ್ಲವೆಂಬ ಬರಹವನ್ನು ಮುಷ್ಕರದವರು ಕಿಟಕಿಗಳಲ್ಲಿ ಅಂಟಿಸಿದರು. ಒಂದೇ ರೊಟ್ಟಿಯಲ್ಲಿ ಪಾಲುಗಾರರಾದವರು ಒಬ್ಬರ ಮುಖವನ್ನೊಬ್ಬರು ನೋಡದಾದರು. ದಕ್ಷಿಣದ ಗಣಿಗಾರನು ಸಂಬಳದ ವಿಷಯ, ಗಣಿಯ ಅಪಾಯದ ವಿಷಯ ಕೇಳಿದರೆ, ಪ್ರಸಂಗಪೀಠದಿಂದ ತಾಳ್ಮೆಯ ಬೋಧನೆ ಮಾತ್ರ ಬರುತ್ತಿತ್ತು. ಸಂಘದ ವಾಚನಾಲಯದಲ್ಲಿ ಉತ್ತರ ಸಿಕ್ಕಿತು. ಹಾಗೆಂದು ಬೋಧಕರೆಲ್ಲರೂ ಧಣಿಗಳ ಪಕ್ಷದವರೆಂದು ತಿಳಿಯಬಾರದು. ಕೂಲಿಗಾರರ ದುಃಖವನ್ನು ಎತ್ತಿ ಹೇಳಿದವರೂ ಇದ್ದರು. ಟಂಬಲ್ ಎಂಬ ಗಣಿಯ ಊರಿನ ಟಾಮ್ ನೆವಿನ್ ವಿಲಿಯಮ್ಸ್ ಎಂಬವರು ಅವರಲ್ಲೊಬ್ಬರು. ಅವರ ಉಪದೇಶವು ಸಭೆಯ ವಿಶ್ವಾಸಪ್ರಮಾಣಕ್ಕೆ ಒಪ್ಪುವದಿಲ್ಲವೆಂದು 1928ರಲ್ಲಿ ಅವರನ್ನು ಕೆಲಸದಿಂದ ನಿಲ್ಲಿಸಿದರು. ಉಪದೇಶದ ವಿಷಯದಲ್ಲಿ ಹಿರಿಯರು ಹೇಳಿದ್ದು ಸರಿಯಾಗಿದ್ದಿರಬಹುದು. ಆದರೆ ಅವರನ್ನು ಹಿಂಬಾಲಿಸಿದ ಗಣಿಗಾರರ ಮನಸ್ಸಿನಲ್ಲಿ ಉಳಿದದ್ದು ಸಿದ್ಧಾಂತದ ಸೂಕ್ಷ್ಮವಲ್ಲ, ತಮ್ಮವನನ್ನು ಹೊರಗೆ ಹಾಕಿದರೆಂಬುದೇ. ಕೆಲವು ವರುಷಗಳ ಮೇಲೆ ಅವರನ್ನು ತಿರುಗಿ ಸೇರಿಸಿಕೊಂಡರು.

ಇದಕ್ಕೂ ದೊಡ್ಡ ಏಟು 1914ರ ಮಹಾಯುದ್ಧದಿಂದ ಬಿತ್ತು. ಬ್ರಿನ್‌ಶೆಂಕಿನಿನ ಜಾನ್ ವಿಲಿಯಮ್ಸ್ ಎಂಬ ಪ್ರಖ್ಯಾತ ಬೋಧಕರು ಸೈನ್ಯದ ಉಡುಪನ್ನು ಧರಿಸಿ ಪ್ರಸಂಗಪೀಠವನ್ನು ಹತ್ತಿ, ಯೌವನಸ್ಥರು ದಂಡಿಗೆ ಸೇರಬೇಕೆಂದು ಕರೆದರು. ಸಮಾಧಾನದ ಸುವಾರ್ತೆಯನ್ನು ಕೇಳಿ ಬೆಳೆದ ಹುಡುಗರು ಅದೇ ಬಾಯಿಯಿಂದ ಈ ಕರೆಯನ್ನು ಕೇಳಿ ಹೋದರು. ಸಾವಿರಾರು ಮಂದಿ ತಿರುಗಿ ಬರಲಿಲ್ಲ. ಬಂದವರಲ್ಲಿ ಅನೇಕರು ಆ ಬಾಗಲೊಳಗೆ ಮತ್ತೆ ಕಾಲಿಡಲಿಲ್ಲ. ಆ ಬೋಧಕರು ಕೆಟ್ಟ ಮನಸ್ಸಿನಿಂದ ಮಾಡಿದರೆಂದು ಹೇಳಲಾರೆನು. ಆದರೆ ಪ್ರಸಂಗಪೀಠವನ್ನು ಒಮ್ಮೆ ಬೇರೆ ಕೆಲಸಕ್ಕೆ ಎರವಲು ಕೊಟ್ಟರೆ ಅದು ಮೊದಲಿದ್ದಂತೆ ಹಿಂದಕ್ಕೆ ಬರುವದಿಲ್ಲ.

ಯುದ್ಧದ ಮೇಲೆ ಕಲ್ಲಿದ್ದಲಿಗೆ ಬೇಡಿಕೆ ಕುಗ್ಗಿ, ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ನಾಲ್ಕು ಲಕ್ಷದಷ್ಟು ಜನರು ಹೊಟ್ಟೆಪಾಡಿಗಾಗಿ ಸೀಮೆಯನ್ನು ಬಿಟ್ಟರು. ಹೋದವರು ಯೌವನಸ್ಥರು, ಉಳಿದವರು ವೃದ್ಧರೂ ಪ್ರಾರ್ಥನಾಲಯದ ಸಾಲವೂ. ಸಿನೆಮಾ, ಮೋಟಾರು, ವಿಜ್ಞಾನದ ಪುಸ್ತಕಗಳು ಮುಂತಾದವುಗಳ ಮೇಲೆ ತಪ್ಪು ಹೊರಿಸುವದು ವಾಡಿಕೆ. ಅವು ತೆರೆದ ಬಾಗಲಿನಿಂದ ಹೊರಟವರನ್ನು ಕರೆದುಕೊಂಡು ಹೋದವು. ಬಾಗಲನ್ನು ತೆರೆದದ್ದು ಅವಲ್ಲ.

ಇನ್ನೊಂದು ಕಾರಣವನ್ನು ತುಸು ನಿಧಾನವಾಗಿ ನೋಡಬೇಕು. ಅದು ಭಾಷೆಯ ವಿಷಯ. 1901ರಲ್ಲಿ ವೇಲ್ಸಿನ ಜನರಲ್ಲಿ ಅರ್ಧದಷ್ಟು ವೆಲ್ಷ್ ಆಡುತ್ತಿದ್ದರು. 2021ರಲ್ಲಿ ನೂರಕ್ಕೆ 17.8 ಮಾತ್ರ. ಹಗಲು ಶಾಲೆಯಲ್ಲಿ ಇಂಗ್ಲಿಷ್, ಉದ್ಯೋಗಕ್ಕೆ ಇಂಗ್ಲಿಷ್. ಮಗನು ಮುಂದಕ್ಕೆ ಬರಲೆಂದು ತಾಯಿತಂದೆಗಳೇ ಮನೆಯಲ್ಲಿ ಅವನೊಡನೆ ಇಂಗ್ಲಿಷ್ ಆಡಿದರು. ಆದರೆ ಪ್ರಾರ್ಥಿಸುವದಕ್ಕೆ ಅವರಿಗೆ ವೆಲ್ಷ್ ಒಂದೇ ಬರುತ್ತಿತ್ತು. ಹೀಗಾಗಿ ಮಗನಿಗೆ ಆಟಕ್ಕೆ ಒಂದು ಭಾಷೆ, ದೇವರಿಗೆ ಮತ್ತೊಂದು ಭಾಷೆ. ಎರಡನೆಯದು ವರುಷದಿಂದ ವರುಷಕ್ಕೆ ಮಸುಕಾಯಿತು; ಅಜ್ಜಿಯು ಸತ್ತ ಮೇಲೆ ಅದರಲ್ಲಿ ಮಾತಾಡತಕ್ಕವರು ಮನೆಯಲ್ಲಿ ಯಾರೂ ಉಳಿಯಲಿಲ್ಲ. ಭಾಷೆಯೇ ನಂಬಿಕೆಯೆಂದು ಇದರಿಂದ ತಿಳಿಯಬೇಡಿರಿ. ಇಂಗ್ಲಿಷಿನಲ್ಲಿ ಆರಾಧಿಸುವ ಸಭೆಗಳೂ ಅಲ್ಲಿ ಹಾಗೆಯೇ ಕುಗ್ಗಿದವು. ಮಗುವಿನ ಹೃದಯಕ್ಕೆ ಹತ್ತಿರವಾದ ಮಾತಿನಲ್ಲಿ ಅದನ್ನು ಮತ್ತೊಮ್ಮೆ ಹೇಳುವ ಶ್ರಮವನ್ನು ಯಾರೂ ತೆಗೆದುಕೊಳ್ಳದೆ ಹೋದದ್ದೇ ಕೊರತೆ. ಪಟ್ಟಣದ ಶಾಲೆಗೆ ಮಕ್ಕಳನ್ನು ಕಳುಹಿಸಿರುವ ನಮ್ಮ ವಾಚಕರು ಈ ವಿಷಯವನ್ನು ತಮ್ಮ ಮನೆಯಲ್ಲಿ ಮಾತಾಡಿಕೊಳ್ಳಲಿ.

ಹೊರಗಿನ ಬೇಲಿಯಾದರೋ ಇನ್ನೂ ಬಹುಕಾಲ ನಿಂತಿತ್ತು. 1881ರ ಕಾಯಿದೆಯು 1961ರ ತನಕ ನಡೆಯಿತು. ಆ ವರುಷ ಊರೂರಿನವರ ಅಭಿಪ್ರಾಯವನ್ನು ಕೇಳಿದಾಗ ದಕ್ಷಿಣದ ದೊಡ್ಡ ಪಟ್ಟಣಗಳು ಭಾನುವಾರ ಸೆರೆಯಂಗಡಿ ತೆರೆಯಲೆಂದು ಹೇಳಿದವು. ವೆಲ್ಷ್ ಆಡುವ ಪಶ್ಚಿಮ ಭಾಗಗಳು ಬೇಡವೆಂದವು. ಕಟ್ಟಕಡೆಗೆ ಉಳಿದ ದ್ವೈವೋರ್ ಎಂಬ ಪ್ರಾಂತವೂ 1996ರಲ್ಲಿ ಒಪ್ಪಿಕೊಂಡಿತು. ಗೀತೆಗಳೂ ಉಳಿದವು. ಪಾಂಟಿಕೆಲಿನಿನ ವಿಲಿಯಮ್ಸರ ಒಂದು ಗೀತೆಯನ್ನು, 1907ರಲ್ಲಿ ಜಾನ್ ಹ್ಯೂಸ್ ಎಂಬವರು ರಚಿಸಿದ ರಾಗದಲ್ಲಿ, ಕಾರ್ಡಿಫಿನ ಚೆಂಡಾಟದ ಬಯಲಿನಲ್ಲಿ ಸಾವಿರಾರು ಮಂದಿ ಈಗಲೂ ಒಟ್ಟಾಗಿ ಹಾಡುತ್ತಾರೆ. ಹಾಡುವವರಲ್ಲಿ ಎಷ್ಟೋ ಜನರು ಪ್ರಾರ್ಥನಾಲಯದ ಒಳಗನ್ನು ಮದುವೆಗೂ ಶವಸಂಸ್ಕಾರಕ್ಕೂ ಹೊರತು ನೋಡುವದಿಲ್ಲ. ಆ ಹಾಡನ್ನು ಕೇಳಿದಾಗ ನಗಬೇಕೋ ಅಳಬೇಕೋ ತಿಳಿಯದು.

1966ರ ಅಕ್ಟೋಬರ್ 21ರಂದು ಅಬರ್ವಾನ್ ಎಂಬ ಗಣಿಯ ಊರಲ್ಲಿ ಕಲ್ಲಿದ್ದಲಿನ ಕಸದ ಗುಡ್ಡವು ಕುಸಿದು ಶಾಲೆಯ ಮೇಲೆ ಬಂದು, 116 ಮಕ್ಕಳೂ 28 ದೊಡ್ಡವರೂ ಸತ್ತರು. ಆ ಮಕ್ಕಳ ದೇಹಗಳನ್ನು ತಂದು ಮಲಗಿಸಿದ್ದು ಊರಿನ ಬೆಥಾನಿಯ ಪ್ರಾರ್ಥನಾಲಯದಲ್ಲಿ. ತಾಯಿತಂದೆಗಳು ಸಾಲಾಗಿ ನಿಂತು ಒಳಗೆ ಹೋಗಿ ತಮ್ಮವರನ್ನು ಗುರುತಿಸಿದರು. ಅಷ್ಟು ಕಷ್ಟದ ದಿನದಲ್ಲಿ ಊರಿನವರಿಗೆ ಬೇಕಾದ ಸ್ಥಳವು ಅದೇ ಆಗಿತ್ತೆಂಬದನ್ನು, ಆ ಜನರು ದೇವರನ್ನು ಹಗುರವಾಗಿ ಬಿಟ್ಟರೆಂದು ಹೇಳುವವರು ನೆನಸಿಕೊಳ್ಳಲಿ.

ಇನ್ನು ನಮ್ಮ ದೇಶದ ಸಂಬಂಧವನ್ನು ಹೇಳಿ ಮುಗಿಸುತ್ತೇನೆ. 1841ರಲ್ಲಿ ಥಾಮಸ್ ಜೋನ್ಸ್ ಎಂಬ ಬಡಗಿಯ ಮಗನು ವೇಲ್ಸಿನಿಂದ ಚಿರಾಪುಂಜಿಗೆ ಬಂದನು. ಖಾಸಿ ಭಾಷೆಯನ್ನು ಕಲಿತು, ಅದನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಕ್ರಮವನ್ನು ಹಾಕಿಕೊಟ್ಟು, 1849ರಲ್ಲಿ ಕಲ್ಕತ್ತೆಯಲ್ಲಿ ಸತ್ತನು. ಅವನ ಹಿಂದೆ ಬಂದವರ ಕೆಲಸವು 1969ರ ತನಕ ನಡೆಯಿತು. ಗ್ರಿಫಿತ್ ಜೋನ್ಸರು ತಮ್ಮ ಊರಲ್ಲಿ ಮಾಡಿದ್ದನ್ನೇ ಇವರು ಗುಡ್ಡಗಳಲ್ಲಿ ಮಾಡಿದರು: ಜನರ ಮಾತಿನಲ್ಲಿ ಪುಸ್ತಕ, ಊರೂರಿಗೆ ಶಾಲೆ, ದೊಡ್ಡವರೂ ಕೂತು ಕಲಿಯುವ ಭಾನುವಾರದ ವರ್ಗ. 2011ರ ಜನಗಣತಿಯಂತೆ ಮಿಜೋರಾಮಿನಲ್ಲಿ ಕ್ರೈಸ್ತರು ನೂರಕ್ಕೆ 87. ಈ ಶತಮಾನದಲ್ಲಿ ಮಿಜೋ ಸಭೆಯು ತನ್ನ ಸೇವಕರನ್ನು ವೇಲ್ಸಿಗೆ ಕಳುಹಿಸಿದೆ. ತಮ್ಮ ಅಜ್ಜಂದಿರಿಗೆ ಬೋಧಿಸಿದವರ ಊರುಗಳಲ್ಲಿ ಅವರು ಸೇವೆ ಮಾಡಿದ್ದಾರೆ. ಖಾಸಿ ಮಕ್ಕಳು ಈ ಹೊತ್ತು ಶಾಲೆಯಲ್ಲಿ ಬರೆಯುವ ಅಕ್ಷರಗಳಲ್ಲಿ, ಥಾಮಸ್ ಜೋನ್ಸನು ತನ್ನ ತಾಯಿಯ ಮನೆಯಲ್ಲಿ ಕಲಿತ ವೆಲ್ಷ್ ಬರವಣಿಗೆಯ ಗುರುತು ಇನ್ನೂ ಕಾಣುತ್ತದೆ.